ಪಟ್ಟಿಯಲ್ಲಿ ಅಮ್ಮನ ಹೆಸರು

ಮಾಟುಂಗಾದಿಂದ ಡೊಂಬಿವಲಿಗೆ ಮರಳುವಾಗ ಮುಂಬೈನ ಲೋಕಲ್ ರೈಲಿನಲ್ಲಿ ಇತಿಹಾಸಕಾರ್ತಿ ಓರ್ನಿತ್ ಶಾನಿ ಬರೆದದ್ದನ್ನು ಓದುತ್ತಿದ್ದೆ. ಭಾರತದ ಮೊದಲ ಮತದಾರರ ಪಟ್ಟಿ ಹೇಗೆ ತಯಾರಾಯ್ತು ಅನ್ನುವುದು ಅವರ ವಿಷಯ. ಸಂವಿಧಾನ ಜಾರಿಗೆ ಬರುವ ಮೊದಲೇ, 1947ರ ಕೊನೆಗೇ ಆ ಕೆಲಸ ಶುರುವಾಗಿತ್ತು. ಮನೆಮಠ ಬಿಟ್ಟು ಬಂದ ನಿರಾಶ್ರಿತರ ಹೆಸರನ್ನೂ ಸೇರಿಸಬೇಕಿತ್ತು. ಒಟ್ಟು ಸುಮಾರು 17 ಕೋಟಿ ಹೆಸರು!

ಓದುತ್ತಾ ನನಗೆ ನೆನಪಾಗಿದ್ದು ಆ ಕಾಲದ ಹೆಂಗಸರು. ಎಷ್ಟೋ ಜನ ತಮ್ಮ ಹೆಸರೇ ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ಮಗಳು' ಅಂತ ಬರೆಸಿದರು. ಆಗಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅದನ್ನು ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಕಠಿಣ ನಿರ್ಧಾರ, ಆದರೆ ಸರಿ ಅಂತಲೇ ನನ್ನ ನಂಬಿಕೆ.

ಹೋದ ಸಲ ಪಟ್ಟಿಯಲ್ಲಿ ನಮ್ಮಮ್ಮ ಸರೋಜಾ 'ಸರಾಜಾ' ಆಗಿದ್ದರು. ಸುಮ್ನೆ ಬಿಡಲಿಲ್ಲ. ತಪ್ಪು ತಿದ್ದಿಸಲು ಕೊಡುವ ಫಾರ್ಮ್ 8 ಅನ್ನು ಎರಡು ಸಲ ತುಂಬಿಸಿದರು. "ಅದು ನನ್ನ ಹೆಸರು ಅಲ್ವಾ ಮಗಾ" ಅಂದರು.