ರೊಟ್ಟಿಗೆ ಇಂಗ್ಲಿಷ್ ಕಾಮೆಂಟರಿ

ಅಕ್ಕನ ಮಗ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾನೆ. ಈ ವಾರ ಅವನ ಜೊತೆ ಖಾನಾವಳಿಗೆ ಹೋಗಿದ್ದೆ. ಎಡಗೈಯಲ್ಲಿ ಕೋಚಿಂಗ್‌ನವರು ಕೊಟ್ಟ ಜೆರಾಕ್ಸ್ ಹಾಳೆ, ದಿನಕ್ಕೆ ಐವತ್ತು ಇಂಗ್ಲಿಷ್ ಪದ. ತುತ್ತು ನುಂಗುತ್ತಾ ಉರು ಹೊಡೆಯುತ್ತಿದ್ದ.

ಅವನ ಗೆಳೆಯ, ರೋಣದ ಕಡೆಯ ಹುಡುಗ, ಎದುರಿಗೆ ಕೂತಿದ್ದ. ಆ ಪುಣ್ಯಾತ್ಮ ಖಾನಾವಳಿ ಅಕ್ಕಾರು ರೊಟ್ಟಿ ಬಡಿಯುವುದಕ್ಕೆ ಇಂಗ್ಲಿಷ್‌ನಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುತ್ತಿದ್ದ! ಹಿಟ್ಟು ನಾದಿದರು, ಬಡಿದರು, ಅಂಚು ಹರಿಯಿತು, ಅಯ್ಯೋ, ಸರಿಮಾಡಿದರು, ಹಂಚಿಗೆ ಬಿತ್ತು, ನೀರು ಸವರಿದರು. ಪದ ಸಿಗದಿದ್ದರೆ ಮೊಬೈಲ್ ನೋಡುವುದು, ಮುಂದಿನ ರೊಟ್ಟಿಗೆ ಅದನ್ನೇ ಸೇರಿಸುವುದು.

ಅಕ್ಕಾರಿಗೆ ಅನುಮಾನ. "ಏನಂತಾನ ಇವಾ? ನನಗ ಬೈಯಾಕತ್ತಾನೇನು?"

"ಇಲ್ರೀ ಅಕ್ಕಾರ, ಹೊಗಳಾಕತ್ತೀನ್ರೀ."

"ಹಂಗಾರ ನನಗ ತಿಳಿಯೂಹಂಗ ಹೊಗಳೋ!"

ನಾನು ನಕ್ಕೂ ನಕ್ಕೂ ಸುಸ್ತಾದೆ. ಅಳಿಯ ಮಾತ್ರ ಮುಖ ಕೆಳಗೆ ಹಾಕಿ ಪಿಸುಗುಟ್ಟಿದ: "ಅವಗ ನಾಚಿಕಿ ಇಲ್ಲ ಮಾಮಾ."

ಆ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಹುಬ್ಬಳ್ಳಿಗೆ ವಾಪಸ್ ಬರುವಾಗ ಚಿಗರಿ ಬಸ್ಸಿನಲ್ಲೂ ಅದೇ ಯೋಚನೆ.

ಜರ್ಮನಿಯ ಮನಶ್ಶಾಸ್ತ್ರಜ್ಞ ಎಬ್ಬಿಂಗ್‌ಹೌಸ್ ಅರ್ಥವೇ ಇಲ್ಲದ ಅಕ್ಷರಗುಚ್ಛಗಳನ್ನು ತಾನೇ ಉರು ಹೊಡೆದು, ಎಷ್ಟು ಬೇಗ ಮರೆಯುತ್ತೇವೆ ಅಂತ ಲೆಕ್ಕ ಹಾಕಿ 1885ರಲ್ಲಿ ಪ್ರಕಟಿಸಿದ. ಕಲಿತದ್ದು ಮೊದಲ ದಿನವೇ ಜಾಸ್ತಿ ಸೋರುತ್ತದೆ, ಆಮೇಲೆ ನಿಧಾನ. ನಡುನಡುವೆ ಬಿಟ್ಟು ಮತ್ತೆ ನೋಡಿದರೆ ಉಳಿಯುತ್ತದೆ. ನಮ್ಮ ಹುಡುಗನ ಹಾಳೆಯೂ ಹೆಚ್ಚುಕಡಿಮೆ ಆ ಅರ್ಥವಿಲ್ಲದ ಅಕ್ಷರಗುಚ್ಛಗಳಂಥದ್ದೇ. ಇವತ್ತು ಐವತ್ತು, ನಾಳೆ ಹೊಸ ಐವತ್ತು. ನಿನ್ನೆಯದು ಎಲ್ಲಿ ಅಂತ ಕೇಳಿದರೆ, "ರೂಮಿನಾಗ ಐತಿ ಮಾಮಾ." ತಲೆಯಲ್ಲಿ ಇಲ್ಲ, ಅಲ್ವಾ?

ರೋಣದ ಹುಡುಗನಿಗೆ ಒಂದೇ ಪದ ಪ್ರತಿ ರೊಟ್ಟಿಗೂ ತಿರುಗಿ ಬರುತ್ತಿತ್ತು, ಕಣ್ಣೆದುರಿನ ಕೆಲಸದ ಜೊತೆಗೇ. ಅದು ಸುಮ್ನೆ ತಮಾಷೆ ಅಂತ ನನಗನಿಸಲಿಲ್ಲ.

ಪರೀಕ್ಷೆಗೆ ಪಟ್ಟಿಯೂ ಬೇಕು, ಒಪ್ಪುತ್ತೇನೆ. ಆದರೆ ಪಟ್ಟಿ ಹಂಚಿ ಫೀ ಎಣಿಸುವವರ ಮೇಲೆ ನನಗೆ ಸಿಟ್ಟಿದೆ. ಹುಡುಗರ ಬಾಯಿ ಬಿಡಿಸುವುದು ಯಾರ ಕೆಲಸ? ಮನೆಯಲ್ಲಿ ನಾವೂ ಅಷ್ಟೇ. ಮಗು ಒಂದು ಮಾತು ತಪ್ಪಾಡಿದರೆ ನಾಲ್ಕು ಜನ ನಗುತ್ತೇವೆ. ಆಮೇಲೆ ಅದು ಬಾಯಿ ತೆರೆಯುವುದಿಲ್ಲ, ಎಂ.ಎ. ಮುಗಿಸಿದರೂ.

ಅಳಿಯನಿಗೆ ಹೇಳಿ ಬಂದೆ: ದಿನಾ ಸಂಜೆ ಫೋನ್ ಮಾಡುತ್ತೇನೆ, ಅವತ್ತು ಏನಾಯ್ತು ಅಂತ ಐದು ನಿಮಿಷ ಇಂಗ್ಲಿಷ್‌ನಲ್ಲಿ ಹೇಳು, ತಪ್ಪಾದರೂ ನಗುವುದಿಲ್ಲ. "ಹೂಂ ಮಾಮಾ" ಅಂದ. ಅವತ್ತಿನಿಂದ ನನ್ನ ಫೋನೇ ಎತ್ತುತ್ತಿಲ್ಲ.