ಜೆಟ್ ಸ್ಕೀ ಒಮ್ಮೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಬರೀ ‘ಟಕ್’ ಎನ್ನುತ್ತದೆ

ದಡದಲ್ಲಿ ಗುಂಡಿ ಒತ್ತಿದ ಕೂಡಲೇ ಸ್ಟಾರ್ಟ್ ಆದ ಜೆಟ್ ಸ್ಕೀ, ಅರ್ಧ ಗಂಟೆ ಓಡಿಸಿ ನಿಲ್ಲಿಸಿದ ಮೇಲೆ ಬರೀ ‘ಟಕ್’ ಎನ್ನುತ್ತದೆ. ಹತ್ತು ನಿಮಿಷ ಬಿಟ್ಟು ಒತ್ತಿದರೆ ಏನೂ ಆಗಿಲ್ಲವೆಂಬಂತೆ ತಿರುಗುತ್ತದೆ. ಹೆಚ್ಚಿನವರು ಮೊದಲು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ರಿಲೇ (ಗುಂಡಿ ಒತ್ತಿದಾಗ ಸ್ಟಾರ್ಟರಿಗೆ ಕರೆಂಟು ಬಿಡುವ ಸ್ವಿಚ್), ಕೊನೆಗೆ ಎಂಜಿನ್ ತಿರುಗಿಸುವ ಸ್ಟಾರ್ಟರ್ ಮೋಟಾರು. ದುಡ್ಡು ಹೋಗುತ್ತದೆ, ದೋಷ ಅಲ್ಲೇ ಉಳಿಯುತ್ತದೆ. ಬಂದು ಹೋಗುವ ದೋಷವನ್ನು ಅದು ಬಂದಿರುವಾಗಲೇ ಅಳೆಯಬೇಕು, ಅದೂ ಕೇಬಲ್‌ನಲ್ಲಿ ಕರೆಂಟು ಹರಿಯುತ್ತಿರುವಾಗ.

ಮಲ್ಟಿಮೀಟರು ಕೈಗೆತ್ತಿಕೊಳ್ಳುವ ಮುಂಚೆ ಸೀಟು ತೆಗೆದು ಐದು ನಿಮಿಷ ಗಾಳಿಯಾಡಲು ಬಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ಒಡಲಿನ ತಳದಲ್ಲೇ ಕೂತಿರುತ್ತದೆ. ವಾಸನೆ ಬಂದರೆ ಅದರ ಮೂಲ ಸಿಗುವವರೆಗೆ ಸ್ಟಾರ್ಟ್ ಗುಂಡಿ ಮುಟ್ಟಬೇಡಿ. ಸ್ಕ್ರೂ ಡ್ರೈವರಿನಿಂದ ರಿಲೇಯ ಎರಡು ಬೋಲ್ಟ್ ಮುಟ್ಟಿಸಿ ನೋಡುವ ಅಭ್ಯಾಸ ಹಲವರಿಗಿದೆ. ಮುಚ್ಚಿದ ಒಡಲಿನೊಳಗೆ ಅಷ್ಟು ದೊಡ್ಡ ಕಿಡಿ ಬೇಡವೇ ಬೇಡ. ಮೀಟರಿನಿಂದಲೇ ಅದೇ ಉತ್ತರ ಸಿಗುತ್ತದೆ.

ಮೊದಲು ಬ್ಯಾಟರಿ. ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಅಳೆದರೆ 12.6ರಿಂದ 12.8 ವೋಲ್ಟ್ ಇರಬೇಕು. ಇಷ್ಟಕ್ಕೇ ಬ್ಯಾಟರಿ ಚೆನ್ನಾಗಿದೆ ಎನ್ನಬೇಡಿ. ಎಂಜಿನ್ ತಿರುಗಿಸುವಾಗ ಅದು ಸುಮಾರು 10 ವೋಲ್ಟ್‌ಗಿಂತ ಕೆಳಗಿಳಿಯಬಾರದು, 9.6ರ ಕೆಳಗೆ ಹೋದರೆ ಬ್ಯಾಟರಿ ಸೋತಿದೆ. ಮೀಟರಿನ ಪ್ರೋಬ್‌ಗಳನ್ನು (ಮುಟ್ಟಿಸುವ ಕಡ್ಡಿಗಳನ್ನು) ಬ್ಯಾಟರಿಯ ಸೀಸದ ಕಂಬಕ್ಕೇ ಒತ್ತಿ, ಕೇಬಲ್‌ನ ತುದಿಯ ಲೋಹದ ಬಳೆಗೆ, ಅಂದರೆ ಲಗ್‌ಗೆ ಅಲ್ಲ. ಕಂಬಕ್ಕೂ ಲಗ್‌ಗೂ ನಡುವೆಯೇ ದೋಷ ಅಡಗಿರಬಹುದು. ಅಲೆಯ ಹೊಡೆತಕ್ಕೆ ಆ ಬೋಲ್ಟ್‌ಗಳು ಸಡಿಲವಾಗುವುದು ತೀರಾ ಸಾಮಾನ್ಯ.

ಬ್ಯಾಟರಿ ಗಟ್ಟಿಯಾಗಿದ್ದರೆ ಇನ್ನು ಕೇಬಲ್. ಇಲ್ಲಿ ಓಮ್ ಮೀಟರು ಮೋಸ ಮಾಡುತ್ತದೆ. ಕೇಬಲ್‌ನ ಎಳೆಗಳೆಲ್ಲ ಕಿಲುಬು ಹಿಡಿದು ಒಂದೆರಡೇ ಉಳಿದಿದ್ದರೂ ಮೀಟರು ಸೊನ್ನೆಗೆ ಹತ್ತಿರದ ಅಂಕಿಯನ್ನೇ ತೋರಿಸುತ್ತದೆ. ಸ್ಟಾರ್ಟರು 100 ಆಂಪಿಯರ್ ಎಳೆಯುವಾಗ 0.02 ಓಮ್ ತಡೆ ಇದ್ದರೆ ಸಾಕು, 2 ವೋಲ್ಟ್ ಅಲ್ಲೇ ಕರಗಿಹೋಗುತ್ತದೆ. ಸಾಧಾರಣ ಮೀಟರು 0.02 ಓಮ್ ಅನ್ನು ನಂಬುವಂತೆ ಅಳೆಯಲಾರದು, ಆದರೆ 2 ವೋಲ್ಟ್ ಅನ್ನು ಸಲೀಸಾಗಿ ಅಳೆಯುತ್ತದೆ. ಹಾಗಾಗಿ ಡಿಸಿ ವೋಲ್ಟ್‌ನಲ್ಲಿಟ್ಟು, ಒಂದು ಪ್ರೋಬ್ ಬ್ಯಾಟರಿಯ ಪ್ಲಸ್ ಕಂಬಕ್ಕೆ, ಇನ್ನೊಂದು ಸ್ಟಾರ್ಟರಿನ ಬೋಲ್ಟ್‌ಗೆ ಹಿಡಿದು, ಇನ್ನೊಬ್ಬರಿಂದ ಗುಂಡಿ ಒತ್ತಿಸಿ. ಒತ್ತಿರುವಾಗ 0.5 ವೋಲ್ಟ್ ದಾಟಿದರೆ ಪ್ಲಸ್ ಕಡೆಯಲ್ಲಿ ಎಲ್ಲೋ ತಡೆ ಇದೆ. ಮೈನಸ್ ಕಂಬಕ್ಕೂ ಸ್ಟಾರ್ಟರಿನ ಲೋಹದ ಮೈಗೂ ಹೀಗೇ ನೋಡಿ, ಅಲ್ಲಿ 0.3 ದಾಟಬಾರದು. ಪ್ಲಸ್ ಕೇಬಲನ್ನು ತಿಕ್ಕಿ ತೊಳೆದು, ಎಂಜಿನ್‌ಗೆ ಬಿಗಿದ ಮೈನಸ್ ಬೋಲ್ಟನ್ನು ಮರೆಯುವವರೇ ಹೆಚ್ಚು. ಪ್ರತಿ ಸಲವೂ ಐದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಎಂಜಿನ್ ಸ್ಟಾರ್ಟ್ ಆದರೆ ತಕ್ಷಣ ಆರಿಸಿ; ನೀರಿಲ್ಲದೆ ಓಡಿಸುವಂತಿಲ್ಲ.

ಪ್ಲಸ್ ಕಡೆ ತಡೆ ಕಂಡರೆ ರಿಲೇಯ ಎರಡು ದಪ್ಪ ಬೋಲ್ಟ್‌ಗಳ ನಡುವೆ ಅಳೆಯಿರಿ. ಗುಂಡಿ ಒತ್ತುವ ಮುಂಚೆ ಅಲ್ಲಿ ಬ್ಯಾಟರಿಯ ಪೂರ್ತಿ ವೋಲ್ಟೇಜ್, ಒತ್ತಿದಾಗ ಹೆಚ್ಚುಕಡಿಮೆ ಸೊನ್ನೆ. ‘ಟಕ್’ ಎಂದೂ 12 ವೋಲ್ಟ್ ಹಾಗೇ ನಿಂತರೆ ರಿಲೇಯೊಳಗಿನ ಸಂಪರ್ಕ ಸುಟ್ಟಿದೆ.

‘ಟಕ್’ ಸದ್ದೇ ಬರದಿದ್ದರೆ ರಿಲೇಯ ಎರಡು ಸಣ್ಣ ವೈರ್‌ಗಳ ನಡುವೆ ನೋಡಿ. ಒತ್ತಿದಾಗ 12 ವೋಲ್ಟ್ ಬಂದೂ ರಿಲೇ ಕದಲದಿದ್ದರೆ ರಿಲೇ ಕೆಟ್ಟಿದೆ. 12 ವೋಲ್ಟ್ ಬರದಿದ್ದರೆ ಫ್ಯೂಸ್, ಸ್ಟಾರ್ಟ್ ಸ್ವಿಚ್, ಲ್ಯಾನ್ಯಾರ್ಡ್ (ಸವಾರ ಬಿದ್ದರೆ ಎಂಜಿನ್ ಆರಿಸುವ ಹಗ್ಗದ ಕೀಲಿ) ಸ್ವಿಚ್ ಕಡೆಗೆ ಹಿಂದಕ್ಕೆ ಹೋಗಿ. ಸೀ-ಡೂ ಕಂಪನಿಯ ಗಾಡಿಗಳಲ್ಲಿ ಲ್ಯಾನ್ಯಾರ್ಡ್ ಹಾಕಿದಾಗ ಎರಡು ಗಿಡ್ಡ ಬೀಪ್ ಕೇಳಬೇಕು. ಕೇಳದಿದ್ದರೆ ಕೀಲಿ ಗುರುತಾಗಿಲ್ಲ. ಮೀಟರು ಜೋಡಿಸಿಟ್ಟು ಹ್ಯಾಂಡಲ್ ಅನ್ನು ಎಡಕ್ಕೆ ಬಲಕ್ಕೆ ಪೂರ್ತಿ ತಿರುಗಿಸುತ್ತಾ ಗುಂಡಿ ಒತ್ತಿಸಿ. ಅಂಕಿ ಹಾರಿದರೆ ಹ್ಯಾಂಡಲ್ ಬುಡದಲ್ಲಿ ಬಾಗಿ ಬಾಗಿ ವೈರ್ ಒಳಗೇ ಮುರಿದಿರುತ್ತದೆ.

ಸ್ಟಾರ್ಟರಿನ ಬೋಲ್ಟ್‌ಗೂ ಮೈಗೂ ನಡುವೆ 10 ವೋಲ್ಟ್‌ಗಿಂತ ಹೆಚ್ಚು ಬಂದೂ ಅದು ತಿರುಗದಿದ್ದರೆ, ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ತಿರುಗಿದರೆ ಬ್ರಷ್ (ಮೋಟಾರಿನೊಳಗೆ ಕರೆಂಟು ಮುಟ್ಟಿಸುವ ಇದ್ದಿಲ ತುಂಡು) ಸವೆದಿದೆ. ಆಗಲೂ ತಿರುಗದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡದೆ ಮತ್ತೆ ಒತ್ತಬೇಡಿ: ಸಿಲಿಂಡರಿನಲ್ಲಿ ನೀರು ತುಂಬಿದ್ದರೂ ಇದೇ ಲಕ್ಷಣ, ಬಲವಂತ ಮಾಡಿದರೆ ಒಳಗೆ ಮುರಿಯುತ್ತದೆ. ತೊಳೆಯುವ ಪೈಪ್ ಜೋಡಿಸಿ ಎಂಜಿನ್ ಸ್ಟಾರ್ಟ್ ಮಾಡುವ ಮುಂಚೆಯೇ ನೀರು ಬಿಟ್ಟರೆ ಹೀಗಾಗಬಹುದು.

ಕೇಬಲ್ ದೋಷವೆಂದು ಗೊತ್ತಾದರೆ ಸ್ಪ್ರೇ ಹೊಡೆದು ಸುಮ್ಮನಾಗಬೇಡಿ. ಮೈನಸ್ ಮೊದಲು ಬಿಚ್ಚಿ, ಲಗ್‌ನ ಹಿಂದೆ ಪ್ಲಾಸ್ಟಿಕ್ ಹೊದಿಕೆಯನ್ನು ಒಂದು ಅಂಗುಲ ಸೀಳಿ. ಎಳೆಗಳು ಹೊಳೆಯುವ ತಾಮ್ರವಾಗಿರಬೇಕು. ಕಪ್ಪಾಗಿದ್ದರೆ, ಬೆರಳಲ್ಲಿ ಹೊಸಕಿದಾಗ ಹಸಿರು ಪುಡಿ ಉದುರಿದರೆ, ಉಪ್ಪುನೀರು ಎಳೆಗಳ ನಡುವೆ ಹೀರಿಕೊಂಡು ಒಳಕ್ಕೆ ನುಗ್ಗಿದೆ. ಆ ಕೇಬಲನ್ನೇ ಬದಲಿಸಿ, ತವರದ ಲೇಪನವಿರುವ ಎಳೆಗಳ ಮೆರೈನ್ ಕೇಬಲ್ ಹಾಕಿ. ಲಗ್ಗನ್ನು ಸರಿಯಾದ ಕ್ರಿಂಪರಿನಿಂದ (ಲಗ್ ಒತ್ತುವ ಇಕ್ಕಳದಿಂದ) ಒತ್ತಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಇನ್ಸುಲೇಶನ್ ಟೇಪ್ ನೀರನ್ನು ಒಳಗೇ ಹಿಡಿದಿಡುತ್ತದೆ. ಕರೆಂಟು ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚುವುದು ಬೋಲ್ಟ್ ಬಿಗಿದ ಮೇಲೆ, ಹೊರಗಿನಿಂದ.

ಆಮೇಲೆ ಗಾಡಿಯನ್ನು ನೀರಿಗಿಳಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆರಿಸಿ, ಪ್ಲಸ್ ಕಡೆಯ, ಮೈನಸ್ ಕಡೆಯ ಅದೇ ಎರಡು ಅಳತೆಗಳನ್ನು ಮತ್ತೆ ತೆಗೆದು ಬರೆದಿಡಿ. ಮುಂದಿನ ವರ್ಷ ಹೋಲಿಸಲು ಆ ಅಂಕಿಗಳು ಬೇಕಾಗುತ್ತವೆ.