'ಬೆಂಗಳೂರು' ಎಷ್ಟು ಬೈಟು?

ಕಣ್ಣಿಗೆ ನಾಲ್ಕೇ ಅಕ್ಷರ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಮಾತ್ರ 'ಬೆಂಗಳೂರು' ಅಂದರೆ ಎಂಟು ಸಂಕೇತ (ವ್ಯಂಜನ, ಸ್ವರಚಿಹ್ನೆ, ಅನುಸ್ವಾರ ಬೇರೆಬೇರೆ), ಒಂದೊಂದಕ್ಕೆ 3 ಬೈಟು, ಒಟ್ಟು 24. ಸಿ ಭಾಷೆಯಲ್ಲಿ ಪಠ್ಯ ಮುಗಿಯಿತೆಂದು ಹೇಳುವ ಕೊನೆಯ ಸೊನ್ನೆ ಬೈಟಿಗೂ ಜಾಗ ಬೇಕು, ಹಾಗಾಗಿ ಅರೇ (ಬೈಟುಗಳ ಸಾಲು) 25ರದ್ದಿರಬೇಕು.

24 ಬೈಟಿನ ಕ್ಯಾರ್ ಅರೇಗೆ ಈ ಹೆಸರನ್ನು ಆರಂಭದಲ್ಲೇ ತುಂಬಿದರೂ ಸಿ ಭಾಷೆ ಒಪ್ಪುತ್ತದೆ, ಸೊನ್ನೆಯನ್ನಷ್ಟೇ ಸದ್ದಿಲ್ಲದೆ ಕೈಬಿಡುತ್ತದೆ. ಆಮೇಲೆ ಉದ್ದ ಎಣಿಸುವ ಸ್ಟ್ರ್‌ಲೆನ್ ಕರೆದಿರೋ, ಅದು ಸೊನ್ನೆ ಹುಡುಕುತ್ತಾ ಪಕ್ಕದ ಮೆಮೊರಿಗೆ ನುಗ್ಗುತ್ತದೆ, ಇಳಿಯುವ ಸ್ಟಾಪ್ ಗೊತ್ತಿಲ್ಲದೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದವರ ಹಾಗೆ.

ಸ್ಟ್ರ್‌ಎನ್‌ಲೆನ್ ಬಳಸಿ (ಇದು ಕೊಟ್ಟ ಮಿತಿಯೊಳಗಷ್ಟೇ ಎಣಿಸುತ್ತದೆ), ಅರೇಯ ಗಾತ್ರವನ್ನೂ ಕೊಡಿ. ಉತ್ತರ ಆ ಗಾತ್ರಕ್ಕೇ ಸಮನಾದರೆ ಸೊನ್ನೆ ಇಲ್ಲವೆಂದರ್ಥ. ಅರೇಯನ್ನು ಫಂಕ್ಷನ್‌ಗೆ ಕಳಿಸಿದ ಮೇಲೆ ಒಳಗೆ ಗಾತ್ರ ಹೇಳುವ ಸೈಜ್‌ಆಫ್ ನಂಬಬೇಡಿ: ಅಲ್ಲಿರುವುದು ಬರೀ ಪಾಯಿಂಟರ್ (ಮೆಮೊರಿ ವಿಳಾಸ), 64 ಬಿಟ್ ಯಂತ್ರದಲ್ಲಿ 8 ಎನ್ನುತ್ತದೆ. ಗಾತ್ರವನ್ನು ಬೇರೆಯಾಗಿ ಕಳಿಸಿ. ಸ್ಟ್ರ್‌ಎನ್‌ಲೆನ್ ಇಲ್ಲದ ಲೈಬ್ರರಿಯಾದರೆ, ಮಿತಿಯೊಳಗೆ ಒಂದು ಬೈಟನ್ನು ಹುಡುಕುವ ಮೆಮ್‌ಸಿಎಚ್‌ಆರ್ ಸಾಕು.